ಕಾಲರ್ ಅಕ್ಕನ ಲೆಕ್ಕ

ಫೆಬ್ರವರಿ 6

ಗೋಂದು,

ಸುಖವಾಗಿ ತಲುಪಿದೆ. ಮಗಳ ಮನೆ ನಾಲ್ಕನೇ ಮಹಡಿಯಲ್ಲಿದೆ. ಲಿಫ್ಟ್ ಎಷ್ಟು ಸದ್ದು ಮಾಡುತ್ತದೆ ಎಂದರೆ ಕಿವುಡನಾದ ನನಗೂ ಕೇಳಿಸುತ್ತದೆ. ಡಾಕ್ಟರು ಎರಡೂ ಮೊಣಕಾಲು ಬದಲಾಯಿಸಬೇಕು ಎಂದಿದ್ದಾರೆ. ಈಗ ಒಂದು, ಮೂರು ತಿಂಗಳಾದ ಮೇಲೆ ಇನ್ನೊಂದು. ಅಂದರೆ ಆರು ತಿಂಗಳು ನಾನು ಆ ಕಡೆ ತಲೆ ಹಾಕುವಂತಿಲ್ಲ. ಫೋನ್ ಮಾಡಬೇಡ, ನೀನು ನೂರು ಎಂದರೆ ನನಗೆ ಆರು ಎಂದು ಕೇಳಿಸಿ ಇಬ್ಬರೂ ಹಾಳಾಗುತ್ತೇವೆ. ಕಾಗದ ಬರೆ.

ಕೆಲಸ ಬಹಳವಿಲ್ಲ. ಬುಧವಾರ ಹತ್ತರಿಂದ ಒಂದರವರೆಗೆ ಅಂಗಡಿ ತೆರೆ. ಬಂದವರು ಬಡ್ಡಿಗೆಂದು ಕೊಟ್ಟಷ್ಟು ತೆಗೆದುಕೊ, ಅವರ ಕಣ್ಣೆದುರೇ ಪುಸ್ತಕದಲ್ಲಿ ಬರೆ. ಹನ್ನೊಂದು ಅಂಗಡಿಗಳ ಬಾಡಿಗೆ ತಿಂಗಳ ಮೊದಲ ವಾರ ತಾನಾಗಿಯೇ ಬರುತ್ತದೆ. ಹೊಸ ಸಾಲ ಕೊಡುವುದಾದರೆ ಮೊದಲು ನನಗೆ ಬರೆದು ಕೇಳು. ನಿನ್ನ ಲೆಕ್ಕ ನಲವತ್ತೊಂದನೇ ಪುಟದಲ್ಲಿದೆ, ನಿನ್ನ ಬಡ್ಡಿಯನ್ನು ನೀನೇ ಕೊಟ್ಟು ನೀನೇ ಬರೆದುಕೊ. ಆ ದೃಶ್ಯ ನೋಡಲು ನಾನಿಲ್ಲವಲ್ಲ ಎಂದು ಬೇಜಾರು.

ಸಾಲಗಾರನನ್ನೇ ತಂದು ಗಲ್ಲಾದ ಮೇಲೆ ಕೂರಿಸಿದ್ದಾನೆ ಎಂದು ಬೀದಿಯವರು ನಗುತ್ತಿರಬಹುದು. ಆರನೇ ಕ್ಲಾಸಿನಲ್ಲಿ ನನಗೆ ಗಣಿತದಲ್ಲಿ ಸೊನ್ನೆ ಬಂದಾಗ ಊರಿಗೆಲ್ಲ ಸಾರಿ ನನಗೆ ಶಾಶ್ವತವಾಗಿ ಆ ಹೆಸರು ಅಂಟಿಸಿದವನು ನೀನು. ಹೊಟ್ಟೆ ಉರಿಯಿತು, ಆದರೆ ನೀನು ಹೇಳಿದ್ದು ಸುಳ್ಳಾಗಿರಲಿಲ್ಲ. ಅದಕ್ಕೇ ನಿನ್ನನ್ನು ಕೂರಿಸಿದ್ದು.

ಇಂತಿ,
ಸೊನ್ನೆ


ಫೆಬ್ರವರಿ 27

ಸೊನ್ನೆ,

ಮೂರು ಬುಧವಾರ ಮುಗಿದವು. ನಿನ್ನ ಕುರ್ಚಿ ನನಗೆ ದೊಡ್ಡದು, ಕಾಲು ನೆಲಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಬೆಳಿಗ್ಗೆ ಪುಸ್ತಕಗಳಿಗೆ ರಟ್ಟು ಕಟ್ಟಿ, ಬೆರಳಿಗೆ ಅಂಟಿದ ಗೋಂದು ತಿಕ್ಕಿ ತೊಳೆದು ಬಂದು ಕೂರುತ್ತೇನೆ. ಇಪ್ಪತ್ತು ವರ್ಷದಿಂದ ನನ್ನನ್ನು 'ಏನೋ ಗೋಂದು' ಎನ್ನುತ್ತಿದ್ದ ಬಡಗಿ ಮೊನ್ನೆ 'ನಮಸ್ಕಾರ ಅಣ್ಣ, ಹೇಗಿದ್ದೀರಿ' ಎಂದ. ಕ್ಷೌರದ ಅಂಗಡಿಯಲ್ಲಿ ನನ್ನ ಮುಂದೆ ಮೂವರು ಕಾಯುತ್ತಿದ್ದರು, ಕ್ಷೌರದವನು ನನ್ನನ್ನೇ ಕರೆದು ಕೂರಿಸಿದ. ಬೇಡ ಎನ್ನಬೇಕಿತ್ತು. ಕೂತೆ. ನಾಚಿಕೆಯಾಯಿತು, ಹಿತವಾಗಿಯೂ ಇತ್ತು. ಇದನ್ನು ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ.

ಇನ್ನೊಂದು ವಿಷಯ. ಕಳೆದ ವಾರ ಅದೇ ಬಡಗಿ ನೂರು ಕಡಿಮೆ ತಂದ. 'ಮುಂದಿನ ವಾರ ಸೇರಿಸಿ ಕೊಡ್ತೀನಿ' ಎಂದ. ನನ್ನ ಬಾಯಿಂದ 'ಮುಂದಿನ ವಾರ ಅಂದ್ರೆ ಯಾವ ವಾರ?' ಎಂಬ ಮಾತು ಬಂತು. ನೀನು ನನಗೆ ಒಂದು ದಿನವೂ ಹಾಗೆ ಕೇಳಿದವನಲ್ಲ. ಆ ಮಾತು ನನಗೆ ಎಲ್ಲಿಂದ ಬಂತೋ ತಿಳಿಯದು.

ಕೈ ಖಾಲಿ ಇದ್ದಾಗ ನಿನ್ನ ಪುಸ್ತಕ ಓದುತ್ತೇನೆ. ಕಾಲರ್ ಅಕ್ಕನ ಪುಟ ತೆಗೆದು ಕೂಡಿಸಿದೆ. ಇನ್ನೂ ಎರಡು ಹೊಲಿಗೆ ಮೆಷಿನ್ ಕೊಳ್ಳಲು ಆರು ವರ್ಷದ ಹಿಂದೆ ನಿನ್ನಿಂದ ಅರವತ್ತು ಸಾವಿರ ತೆಗೆದುಕೊಂಡಿದ್ದಾಳೆ. ವಾರಕ್ಕೆ ನಾನೂರು ಬಡ್ಡಿ. ಒಂದು ವಾರವೂ ತಪ್ಪಿಸಿಲ್ಲ. ಇಲ್ಲಿಯವರೆಗೆ ಕೊಟ್ಟದ್ದು ಒಂದು ಲಕ್ಷ ಇಪ್ಪತ್ತನಾಲ್ಕು ಸಾವಿರ. ಅಸಲು ಮಾತ್ರ ಅರವತ್ತು ಸಾವಿರ ಹಾಗೇ ಕೂತಿದೆ, ಒಂದು ಕಾಸು ಕರಗಿಲ್ಲ. ಶರ್ಟಿನ ಕಾರ್ಖಾನೆಯವನು ಒಂದು ಕಾಲರ್ ಹೊಲಿದರೆ ಅವಳಿಗೆ ಎರಡು ರೂಪಾಯಿ ಕೊಡುತ್ತಾನೆ. ವಾರದ ಇನ್ನೂರು ಕಾಲರು ನಿನ್ನ ಮೇಜಿಗೇ ಬರುತ್ತವೆ ಎಂದಾಯಿತು. ಅದರ ಮೇಲೆ ಅಂಗಡಿಯ ಬಾಡಿಗೆ ಬೇರೆ. ಆ ಅಂಗಡಿ ಹಿಂದೆ ಅವಳ ಗಂಡನದೇ ಅಲ್ಲವೇ? ಅವನ ಸಾಲಕ್ಕೆ ನಿನ್ನ ಹೆಸರಿಗೆ ಬಂದದ್ದು.

ಹತ್ತೊಂಬತ್ತು ಅಂಗಡಿಗಳ ಬೀದಿಯಲ್ಲಿ ಹನ್ನೊಂದು ನಿನ್ನವು. ಅಷ್ಟೂ ಹೀಗೆಯೇ ಬಂದವೇ? ನೀನು ಕೆಟ್ಟವನಲ್ಲ ಎಂದು ನನಗೆ ಗೊತ್ತು. ಹಾಗಾದರೆ ಇದು ಹೇಗಾಯಿತು? ತಲೆ ಕೆರೆದುಕೊಂಡು ಕೂತಿದ್ದೇನೆ. ನಿನ್ನ ಬೆನ್ನ ಹಿಂದಿನ ಕರಿಹಲಗೆಯಲ್ಲಿ ನಮ್ಮೆಲ್ಲರ ಹೆಸರು ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೀಯಲ್ಲ, ಅದೊಂದನ್ನು ನನಗೆ ಯಾವತ್ತೂ ಸಹಿಸಲಾಗಿಲ್ಲ. ಬಡ್ಡಿ ಕೊಡಲು ಬಂದಾಗಲೆಲ್ಲ ತಲೆ ತಗ್ಗಿಸಿಯೇ ಕೂತಿರುತ್ತಿದ್ದೆ.

ಇಂತಿ ನಿನ್ನ,
ಗೋಂದು


ಮಾರ್ಚ್ 10

ಗೋಂದು,

ಹೊಸ ಮೊಣಕಾಲು ಬಂತು. ಹಳೆಯದೇ ಚೆನ್ನಾಗಿತ್ತು ಅನ್ನಿಸುವಷ್ಟು ನೋವು. ಮಲಗಿಯೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಬೀದಿಯ ತುದಿಯ ಬ್ಯಾಂಕಿಗೆ ಕಾಲರ್ ಅಕ್ಕ ನಾಲ್ಕು ಸಲ ಹೋಗಿದ್ದಳು. ಅವಳ ಹೆಸರಿನಲ್ಲಿ ಏನಿದೆ ಎಂದು ಕೇಳಿ ಕಳಿಸಿದರು. ನಾನು ಹತ್ತು ನಿಮಿಷದಲ್ಲಿ ಕೊಟ್ಟೆ. ಆ ಹತ್ತು ನಿಮಿಷಕ್ಕೆ ಬೆಲೆ ಇಲ್ಲವೇ? ಓಡಿಹೋದ ಮೂವರ ಹಣವನ್ನು ನನಗೆ ಯಾರು ತುಂಬಿಕೊಟ್ಟರು? ಅಂಗಡಿಗಳನ್ನು ನಾನು ಕಿತ್ತುಕೊಂಡಿಲ್ಲ. ಅವರೇ ಕಾಗದಪತ್ರ ತಂದು, ನೀವೇ ಇಟ್ಟುಕೊಳ್ಳಿ, ನಾವು ಬಾಡಿಗೆಗೆ ಇರುತ್ತೇವೆ ಎಂದರು. ಒಬ್ಬರನ್ನೂ ಹೊರಗೆ ಹಾಕಿಲ್ಲ.

ಇಷ್ಟು ಬರೆದು ಪೆನ್ನು ಇಟ್ಟೆ. ಎರಡು ದಿನವಾದ ಮೇಲೆ ಮತ್ತೆ ಹಿಡಿದಿದ್ದೇನೆ.

ಇಲ್ಲಿ ಅಳಿಯ ಸಂಜೆ ಬಂದು ನನ್ನ ಪಕ್ಕ ಕೂರುತ್ತಾನೆ. ಅವನ ಉಳಿತಾಯದ ಹಣವನ್ನು ಯಾವುದೋ ಕಂಪನಿ ಎಲ್ಲೋ ಸಾಲ ಕೊಡುತ್ತದಂತೆ, ವರ್ಷಕ್ಕೊಮ್ಮೆ ಬೆಳೆದು ಬಂದು ಇವನ ಖಾತೆಗೆ ಬೀಳುತ್ತದಂತೆ. ಯಾರಿಗೆ ಕೊಡುತ್ತಾರೆ ಎಂದು ಕೇಳಿದೆ. 'ಅದೆಲ್ಲ ಯಾರಿಗೆ ಗೊತ್ತು ಮಾವ' ಎಂದ. ಒಳ್ಳೆಯ ಹುಡುಗ, ಯಾರಿಗೂ ಒಂದು ಮಾತು ಅಂದವನಲ್ಲ. ಅವನನ್ನು ಯಾರೂ ಬಡ್ಡಿಯವನು ಎನ್ನುವುದಿಲ್ಲ. ನಾನು ಪ್ರತಿಯೊಬ್ಬರ ಮುಖ ನೋಡಿ ಕೊಟ್ಟಿದ್ದೇನೆ, ಮುಖ ನೋಡಿ ತೆಗೆದುಕೊಂಡಿದ್ದೇನೆ. ನಮ್ಮಿಬ್ಬರಲ್ಲಿ ಯಾರದು ಹೆಚ್ಚು ತಪ್ಪು? ರಾತ್ರಿಯ ಮಾತ್ರೆ ನುಂಗಿದ ಮೇಲೂ ಇದು ತಲೆಯಿಂದ ಹೋಗುವುದಿಲ್ಲ.

ಇನ್ನೂರು ಕಾಲರು ಎಂದು ನೀನು ಬರೆಯಬಾರದಿತ್ತು. ನಾನು ಯಾವತ್ತೂ ಕಾಲರಿನಲ್ಲಿ ಎಣಿಸಿರಲಿಲ್ಲ. ಅವಳ ವಿಷಯದಲ್ಲಿ ನಿನಗೆ ಸರಿ ಕಂಡಂತೆ ಮಾಡು. ನನ್ನನ್ನು ಕೇಳಬೇಡ, ಕಾಲು ನೋಯುತ್ತಿದೆ.

ಇಂತಿ,
ಸೊನ್ನೆ


ಮಾರ್ಚ್ 20

ಸೊನ್ನೆ,

ಮಾಡಿಬಿಟ್ಟೆ. ನಿನ್ನೆ ಬುಧವಾರ ಕಾಲರ್ ಅಕ್ಕ ನಾನೂರು ತಂದು ಮೇಜಿನ ಮೇಲಿಟ್ಟಳು. ನಾನು ಅದನ್ನು ಅವಳ ಕಡೆಗೇ ತಳ್ಳಿದೆ. ಪುಸ್ತಕ ತೆಗೆದು ಅವಳ ಪುಟಕ್ಕೆ ಅಡ್ಡಗೆರೆ ಎಳೆದೆ. ಆಮೇಲೆ ಎದ್ದು, ಒದ್ದೆ ಬಟ್ಟೆ ತೆಗೆದುಕೊಂಡು, ಹಲಗೆಯ ಮೇಲಿದ್ದ ಅವಳ ಹೆಸರನ್ನು ಚೆನ್ನಾಗಿ ಒರೆಸಿದೆ. ಬಡಗಿ, ಬೀಗ ರಿಪೇರಿಯವನು, ಗುಂಡಿ ಮಾರುವ ಅಜ್ಜ ಎಲ್ಲ ಅಲ್ಲೇ ಇದ್ದರು. 'ಮುಗೀತು ಅಕ್ಕ. ಇನ್ನು ನೀವು ಏನೂ ಕೊಡಬೇಕಾಗಿಲ್ಲ' ಎಂದೆ.

ಅವಳು ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಒದ್ದೆಯಾಗಿದ್ದ ಹಲಗೆಯನ್ನೇ ನೋಡುತ್ತ ನಿಂತಳು. 'ನಾನೇನು ತಪ್ಪು ಮಾಡ್ದೆ ಅಣ್ಣ?' ಎಂದು ಕೇಳಿದಳು. ತಪ್ಪಿಲ್ಲ, ಸಾಲ ಬಿಟ್ಟಿದ್ದೇವೆ ಎಂದೆ. ನಾನೂರನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದಳು. ಸಂತೋಷ ಒಮ್ಮೆಗೇ ಬಂದರೆ ಹಾಗಾಗುತ್ತದೇನೋ.

ಅವಳು ಹೋದ ಮೇಲೆ ಅದೇ ಬಟ್ಟೆಯಿಂದ ನನ್ನ ಹೆಸರನ್ನೂ ಒರೆಸೋಣ ಎಂದು ಕೈ ಎತ್ತಿದೆ. ಕೈ ಅಲ್ಲೇ ನಿಂತಿತು. ಅವಳದನ್ನು ಒರೆಸಿದರೆ ಧರ್ಮ, ನನ್ನದನ್ನು ಒರೆಸಿಕೊಂಡರೆ ಕಳ್ಳತನ. ಹೀಗೆ ಯಾಕೆ? ನನ್ನ ಲೆಕ್ಕವೂ ಅವಳದರ ಹಾಗೆಯೇ ಇದೆ, ಕೂಡಿಸಿ ನೋಡಿದ್ದೇನೆ. ಬಟ್ಟೆ ಹಿಂಡಿ ಒಣಗಿಹಾಕಿ ಮನೆಗೆ ಬಂದೆ. ಆದರೂ ಒಂದು ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನವಿತ್ತು, ಅದು ಸುಳ್ಳಲ್ಲ.

ಇಂತಿ ನಿನ್ನ,
ಗೋಂದು


ಏಪ್ರಿಲ್ 8

ಸೊನ್ನೆ,

ನಿನ್ನ ಉತ್ತರ ಬರಲಿಲ್ಲ. ಇಲ್ಲಿ ಏನೋ ಎಡವಟ್ಟಾಗಿದೆ, ಏನೆಂದು ನನಗೆ ಪೂರ್ತಿ ಅರ್ಥವಾಗುತ್ತಿಲ್ಲ.

ನೂಲಿನ ಅಂಗಡಿಯವನು ಕಾಲರ್ ಅಕ್ಕನಿಗೆ ತಿಂಗಳ ಕೊನೆಗೆ ದುಡ್ಡು ಕೊಡುವ ಮಾತಿನ ಮೇಲೆ ನೂಲು ಕೊಡುತ್ತಿದ್ದನಂತೆ. ಈಗ ಕೈಯಲ್ಲಿ ಕಾಸಿಟ್ಟರೆ ಮಾತ್ರ ಎಂದಿದ್ದಾನೆ. ಶರ್ಟಿನ ಕಾರ್ಖಾನೆಯವನು ಮುಂಗಡವಾಗಿ ಅವಳಲ್ಲಿ ಬಿಟ್ಟಿದ್ದ ಬಟ್ಟೆಯ ಮೂಟೆಗಳನ್ನು ವಾಪಸು ತರಿಸಿಕೊಂಡ. ಮೂರು ಮೆಷಿನ್‌ಗಳಲ್ಲಿ ಎರಡಕ್ಕೆ ಬಟ್ಟೆ ಹೊದಿಸಿಟ್ಟಿದ್ದಾಳೆ. ನಾನೇ ನೂಲಿನವನ ಹತ್ತಿರ ಹೋಗಿ, 'ಅವಳ ಸಾಲ ಬಿಟ್ಟಿದ್ದೀವಿ ಕಣಯ್ಯ, ಈಗ ಅವಳ ಕೈಲಿ ದುಡ್ಡು ಜಾಸ್ತಿ ಉಳಿಯುತ್ತೆ' ಎಂದೆ. ಅವನು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದ. 'ಸಾಹುಕಾರ್ರೇ ಕೈ ತೊಳ್ಕೊಂಡ ಮೇಲೆ ನಾನ್ಯಾಕೆ ಕೈ ಹಾಕ್ಲಿ ಅಣ್ಣ? ಅವ್ರಿಗೆ ಗೊತ್ತಿಲ್ದೆ ಇರೋದು ಏನಿದೆ? ಅವ್ಳಿಗೆ ಏನಾದ್ರೂ ಕಾಯಿಲೆಯಾ?'

ಕಳೆದ ಬುಧವಾರ ಅವಳೇ ಬಂದಳು. 'ನನ್ನ ಹೆಸರು ಮತ್ತೆ ಬರೀರಿ' ಎಂದಳು. ಬರೆದೆ. ಅದರಿಂದ ಇನ್ನಷ್ಟು ಕೆಟ್ಟಿತು. ಉಳಿದ ಹೆಸರುಗಳೆಲ್ಲ ನಿನ್ನ ಕೈಬರಹದಲ್ಲಿವೆ, ಅವಳದೊಂದು ನನ್ನದರಲ್ಲಿ. ಅಳಿಸಿ ಬರೆದದ್ದು ಎಂದು ದೂರದಿಂದಲೇ ತಿಳಿಯುತ್ತದೆ. ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಾರೆ. ಬೀಗ ರಿಪೇರಿಯವನು ಗುಟ್ಟಾಗಿ ಬಂದು, ತನ್ನ ಸಾಲವನ್ನೂ ಬಿಡುವುದಾದರೆ ಬಿಡಿ, ಹೆಸರು ಮಾತ್ರ ಅಳಿಸಬೇಡಿ ಎಂದ. ಬಡಗಿ ಎರಡು ವಾರದ ಬಾಕಿಯನ್ನು ಒಟ್ಟಿಗೆ ತಂದು ಸುರಿದು, ಹಲಗೆಯಲ್ಲಿ ತನ್ನ ಹೆಸರು ಇದೆಯೋ ಇಲ್ಲವೋ ನೋಡಿಕೊಂಡು ಹೋದ.

ಇದೇನು? ಇಪ್ಪತ್ತು ವರ್ಷ ಆ ಹಲಗೆ ನಮ್ಮ ಮಾನ ಕಳೆಯಲು ಇದೆ ಎಂದುಕೊಂಡಿದ್ದೆ. ಬೇಗ ಬರೆ. ಅವಳು ನನ್ನ ಕಣ್ಣೆದುರೇ ಮುಳುಗುತ್ತಿದ್ದಾಳೆ.

ಗೋಂದು


ಏಪ್ರಿಲ್ 15

ಗೋಂದು,

ನಿನ್ನ ಎರಡೂ ಕಾಗದ ಒಂದೇ ದಿನ ಕೈಗೆ ಬಂದವು. ಮಗಳು ಆಸ್ಪತ್ರೆಯ ಬಿಲ್ಲುಗಳ ಜೊತೆ ಕಟ್ಟಿಟ್ಟು ಮರೆತಿದ್ದಳು.

ಏನು ಕೆಲಸ ಮಾಡಿದೆ ಮಾರಾಯ. ಇಪ್ಪತ್ತು ವರ್ಷ ತಲೆ ತಗ್ಗಿಸಿ ಕೂರುವ ಬದಲು ಒಂದು ಸಲ ತಲೆ ಎತ್ತಿ ನೋಡಬಾರದಿತ್ತೇ? ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಹಲಗೆಯಿಂದ ನಾನು ಏಳು ಹೆಸರು ಅಳಿಸಿದ್ದೇನೆ. ನಾಲ್ವರು ಸತ್ತರು, ಮೂವರು ಓಡಿಹೋದರು. ಅಸಲು ತೀರಿಸಿದವರು ಇಬ್ಬರೇ, ಅವರೂ ಹೆಸರು ಇರಲಿ ಎಂದರು. ಗಡಿಯಾರದವನು ಐದು ವರ್ಷದಿಂದ ನನಗೆ ಒಂದು ಕಾಸೂ ಕೊಡಬೇಕಾಗಿಲ್ಲ, ಅವನ ಹೆಸರು ಇನ್ನೂ ಮೇಲಿನ ಸಾಲಿನಲ್ಲಿದೆ. ಹೆಸರು ಇದ್ದವನಿಗೆ ಬೀದಿಯಲ್ಲಿ ಯಾರು ಬೇಕಾದರೂ ಉದ್ದರಿ ಕೊಡುತ್ತಾರೆ. ನೀನು ಅವಳನ್ನು ಸತ್ತವರ ಮತ್ತು ಓಡಿಹೋದವರ ಜೊತೆ ಸೇರಿಸಿದೆ, ಅದೂ ಗುಂಡಿಯ ಅಜ್ಜನ ಮುಂದೆ. ಅವನ ಕಿವಿಗೆ ಬಿದ್ದದ್ದು ಊಟದ ಹೊತ್ತಿಗೆ ಬೀದಿಯ ಆ ತುದಿ ಮುಟ್ಟಿರುತ್ತದೆ.

ಬೈದು ಮುಗಿಯಿತು. ಈಗ ನನ್ನ ಸರದಿ. ನನಗೆ ನೆನಪಿನ ಶಕ್ತಿ ಕಡಿಮೆ ಎಂದು ಮೊದಲ ವರ್ಷ ಹಲಗೆ ತಂದೆ, ಅಷ್ಟೇ. ಅವರು ಅದನ್ನು ಏನೋ ಮಾಡಿಕೊಂಡರು. ಹೀಗಾಗುತ್ತಿದೆ ಎಂದು ನನಗೆ ಗೊತ್ತಾದದ್ದು ಯಾವಾಗ? ಬಹಳ ಬೇಗನೇ. ಆಗ ತೆಗೆದುಹಾಕಬಹುದಿತ್ತು. ತೆಗೆಯಲಿಲ್ಲ, ಇನ್ನೂ ಎತ್ತರಕ್ಕೆ ಮೊಳೆ ಹೊಡೆದೆ. ಒಬ್ಬ ಮನುಷ್ಯನ ಸೀಮೆಸುಣ್ಣದ ಮೇಲೆ ಹತ್ತೊಂಬತ್ತು ಅಂಗಡಿಗಳ ನೂಲು, ಮೊಳೆ, ಬಟ್ಟೆ ಎಲ್ಲ ನಿಂತಿದೆ ಎಂಬುದು ಹಾಸಿಗೆಯಲ್ಲಿ ಮಲಗಿ ಯೋಚಿಸಿದರೆ ಹೆದರಿಕೆಯಾಗುತ್ತದೆ. ಅಲ್ಲಿ ಕುರ್ಚಿಯಲ್ಲಿ ಕೂತಿದ್ದಾಗ ಆಗುತ್ತಿರಲಿಲ್ಲ.

ದಾರಿ ಒಂದೇ ಇದೆ. ಮುಂದಿನ ಬುಧವಾರ, ಹನ್ನೊಂದು ಗಂಟೆಗೆ, ಜನ ತುಂಬಿರುವಾಗ ಅವಳಿಗೆ ಹೊಸ ಸಾಲ ಕೊಡು. ತೊಂಬತ್ತು ಸಾವಿರ. ಎಲ್ಲರೆದುರು ಎಣಿಸಿ ಕೊಡು, ವಾರಕ್ಕೆ ಆರುನೂರು ಬಡ್ಡಿ ಎಂದು ಗಟ್ಟಿಯಾಗಿ ಹೇಳು. ಸಾಲ ಬಿಟ್ಟು ಕೆಡಿಸಿದ್ದನ್ನು ಸಾಲ ಕೊಟ್ಟೇ ಸರಿಮಾಡಬೇಕು. ಇದನ್ನು ಬರೆಯುವಾಗ ನನಗೇ ನಗು ಬಂತು, ಆಮೇಲೆ ಬರಲಿಲ್ಲ.

ಸೊನ್ನೆ


ಮೇ 6

ಸೊನ್ನೆ,

ನೀನು ಹೇಳಿದ ಹಾಗೇ ಮಾಡಿದೆ. ನಾಟಕ ಚೆನ್ನಾಗಿಯೇ ಆಯಿತು. ನಾನು ಎಣಿಸಿದೆ, ಅವಳು ಎಣಿಸಿದಳು, ಗುಂಡಿಯ ಅಜ್ಜ ನಮ್ಮಿಬ್ಬರ ಜೊತೆ ತುಟಿ ಆಡಿಸುತ್ತ ಎಣಿಸಿದ. ಮರುದಿನವೇ ನೂಲಿನವನು ಅವಳ ಬಾಗಿಲಿಗೆ ನೂಲಿನ ಪೆಟ್ಟಿಗೆ ಕಳಿಸಿದ. ಬಟ್ಟೆಯ ಮೂಟೆಗಳು ಬಂದವು. ಮೂರು ಮೆಷಿನ್‌ಗಳೂ ಓಡುತ್ತಿವೆ, ನನ್ನ ಅಂಗಡಿಗೆ ಸದ್ದು ಕೇಳುತ್ತದೆ.

ಇನ್ನು ನಿನಗೆ ಗೊತ್ತಿಲ್ಲದ್ದು. ಅದೇ ದಿನ ಒಂದು ಗಂಟೆಗೆ ನಾನು ಬಾಗಿಲು ಹಾಕುವಾಗ ಅವಳು ಹಿಂದಿನ ಓಣಿಯಿಂದ ಬಂದು ತೊಂಬತ್ತು ಸಾವಿರವನ್ನೂ ಮೇಜಿನ ಮೇಲಿಟ್ಟಳು. 'ಇದು ನನಗೆ ಬೇಡ, ಒಳಗಿಡಿ. ನಂಗೆ ಬೇಕಿದ್ದು ಹೆಸರು' ಎಂದಳು. ಹಾಗಾದರೆ ಬಡ್ಡಿಯೂ ಬೇಡ ಅಕ್ಕ ಎಂದೆ. 'ಬುಧವಾರ ನನ್ನ ಕೈಯಿಂದ ಮೇಜಿನ ಮೇಲೆ ದುಡ್ಡು ಬೀಳೋದನ್ನ ನಾಲ್ಕು ಜನ ನೋಡ್ಬೇಕು. ಇಲ್ದಿದ್ರೆ ಮತ್ತೆ ಶುರುವಾಗುತ್ತೆ' ಎಂದಳು.

ಅಂದರೆ ಅವಳು ತೆಗೆದುಕೊಳ್ಳದ ಸಾಲಕ್ಕೆ ಬಡ್ಡಿ ಕಟ್ಟುತ್ತಿದ್ದಾಳೆ. ಹಣ ನಿನ್ನ ಪೆಟ್ಟಿಗೆಯಲ್ಲಿದೆ, ಅದರ ಬಡ್ಡಿಯೂ ನಿನ್ನ ಪೆಟ್ಟಿಗೆಗೇ ಬರುತ್ತಿದೆ. ಮುನ್ನೂರು ಕಾಲರು. ಮೊದಲ ವಾರದ ಆರುನೂರನ್ನು ಗುರುವಾರ ಅವಳ ಹಿತ್ತಲ ಬಾಗಿಲಿಗೆ ತೆಗೆದುಕೊಂಡು ಹೋದೆ. ಬಾಗಿಲನ್ನು ಅರ್ಧ ತೆರೆದು, 'ಬುಧವಾರ ತಗೊಂಡು ಗುರುವಾರ ಕೊಟ್ರೆ ಅದಕ್ಕೆ ಏನಂತಾರೆ ಅಣ್ಣ? ದಾನ ತಾನೇ? ಒಂದ್ಸಲ ನಿಮ್ಮ ದಾನ ನೋಡಾಯ್ತು' ಎಂದು ಹಾಕಿಕೊಂಡಳು.

ನಾನು ಆ ಆರುನೂರನ್ನು ಹಿಡಿದುಕೊಂಡು ಓಣಿಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ನಿನ್ನ ಪೆಟ್ಟಿಗೆಗೆ ಹಾಕಲು ಮನಸ್ಸಿಲ್ಲ, ಇಟ್ಟುಕೊಳ್ಳುವ ಹಾಗಿಲ್ಲ. ಕೊನೆಗೆ ಪೆಟ್ಟಿಗೆಗೇ ಹಾಕಿದೆ, ಬೇರೆ ಎಲ್ಲಿ ಹಾಕಲಿ. ನನಗೆ ಅವಳ ಮುಖ ನೋಡಲು ಆಗುತ್ತಿಲ್ಲ. ನಿನ್ನ ವಿಳಾಸ ಕೇಳಿದಳು, ಕೊಟ್ಟಿದ್ದೇನೆ.

ಇಂತಿ ನಿನ್ನ,
ಗೋಂದು


ಮೇ 20

ಸಾಹುಕಾರರಿಗೆ ನಮಸ್ಕಾರಗಳು.

ನಿಮ್ಮ ಕಾಲು ಹೇಗಿದೆ? ಎರಡನೆಯದೂ ಆಯಿತೆಂದು ಬೈಂಡಿಂಗ್ ಅಣ್ಣ ಹೇಳಿದರು. ನಾನು ಹೆಚ್ಚು ಓದಿದವಳಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನ ಹೆಸರನ್ನು ಹಲಗೆಗೆ ಬರೆದಾಗ ನೀವು ನನ್ನನ್ನು ಕೇಳಲಿಲ್ಲ. ಅಳಿಸುವಾಗ ಅಣ್ಣ ಕೇಳಲಿಲ್ಲ. ಮತ್ತೆ ಸಾಲ ಕೊಡಬೇಕೆಂದು ನೀವಿಬ್ಬರೇ ಮಾತಾಡಿಕೊಂಡಿರಿ. ಇಬ್ಬರೂ ಒಳ್ಳೆಯ ಮನಸ್ಸಿನವರೇ, ನನಗೆ ಸಂಶಯವಿಲ್ಲ. ಆದರೆ ನನಗೆ ಏನು ಬೇಕು ಎಂದು ಇಬ್ಬರೂ ಕೇಳಲಿಲ್ಲ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ನನಗೆ ಅಂಗಡಿ ಬೇಕು. ಬಾಡಿಗೆಗೆ ಅಲ್ಲ.

ಒಂಬತ್ತು ವರ್ಷದ ಹಿಂದೆ ನನ್ನ ಗಂಡ ತೀರಿಕೊಂಡಾಗ ಅವರ ಸಾಲಕ್ಕೆ ಅಂಗಡಿಯನ್ನು ನಿಮಗೆ ಬರೆದುಕೊಟ್ಟೆ. ಆಗ ಅದರ ಬೆಲೆ ಎರಡು ಲಕ್ಷ ಎಂದು ನೀವೇ ಕಟ್ಟಿದಿರಿ. ಅಲ್ಲಿಂದ ಈಚೆಗೆ ತಿಂಗಳಿಗೆ ಸಾವಿರದ ಐನೂರರಂತೆ ಬಾಡಿಗೆ ಕೊಟ್ಟಿದ್ದೇನೆ, ಒಂದು ಲಕ್ಷ ಅರವತ್ತೆರಡು ಸಾವಿರ. ಮೆಷಿನ್ ಸಾಲಕ್ಕೆ ಬಡ್ಡಿ ಎಂದು ಕೊಟ್ಟದ್ದು ಒಂದು ಲಕ್ಷ ಇಪ್ಪತ್ತನಾಲ್ಕು ಸಾವಿರದ ಎಂಟುನೂರು. ಅದರಲ್ಲಿ ನೀವು ಕೊಟ್ಟ ಅರವತ್ತು ಸಾವಿರ ಅಸಲನ್ನು ಮುರಿದುಕೊಳ್ಳಿ. ಅಣ್ಣ ಅಸಲು ಬಿಟ್ಟಿದ್ದಾರೆ, ನಾನು ಬಿಡಿಸಿಕೊಳ್ಳುವುದಿಲ್ಲ. ಉಳಿದದ್ದು ಅರವತ್ತನಾಲ್ಕು ಸಾವಿರದ ಎಂಟುನೂರು. ಬಾಡಿಗೆಗೆ ಅದನ್ನು ಸೇರಿಸಿದರೆ ಎರಡು ಲಕ್ಷ ಇಪ್ಪತ್ತಾರು ಸಾವಿರದ ಎಂಟುನೂರು. ಅಂಗಡಿಯ ಬೆಲೆ ಕಳೆದರೆ ನನ್ನದೇ ಇಪ್ಪತ್ತಾರು ಸಾವಿರದ ಎಂಟುನೂರು ನಿಮ್ಮಲ್ಲಿ ಹೆಚ್ಚಾಗಿದೆ. ಅದು ನೀವು ಹತ್ತು ನಿಮಿಷದಲ್ಲಿ ಸಾಲ ಕೊಟ್ಟದ್ದಕ್ಕೆ ಇರಲಿ.

ಈಗ ಹಲಗೆಗೋಸ್ಕರ ಕೊಡುತ್ತಿರುವ ಆರುನೂರನ್ನು ನಾನು ಇದರಲ್ಲಿ ಸೇರಿಸಿಲ್ಲ. ಅದು ನಾಲ್ಕು ಜನರಿಗೆ ಕೊಡುತ್ತಿರುವುದು, ನಿಮಗಲ್ಲ.

ನನಗೆ ದಯೆ ಬೇಡ. ನನ್ನ ಲೆಕ್ಕ ಸರಿಯೋ ತಪ್ಪೋ ಅಷ್ಟು ಬರೆಯಿರಿ. ಇದನ್ನು ಕೇಳಬಹುದೋ ಕೇಳಬಾರದೋ ನನಗೆ ತಿಳಿಯದು. ಯಾರೂ ಕೇಳಿದ್ದನ್ನು ನಾನು ನೋಡಿಲ್ಲ.

ಇಂತಿ,
ನಿಮ್ಮ ಒಂಬತ್ತನೇ ಅಂಗಡಿಯ ಬಾಡಿಗೆದಾರಳು


ಜೂನ್ 5

ಸೊನ್ನೆ,

ಎರಡು ಬುಧವಾರದಿಂದ ಕಾಲರ್ ಅಕ್ಕ ದುಡ್ಡು ಇಟ್ಟು 'ಬಂತಾ?' ಎಂದು ಕೇಳುತ್ತಾಳೆ. 'ಇಲ್ಲ' ಎನ್ನುತ್ತೇನೆ. ನಿನಗೆ ಬರೆದ ಕಾಗದದ ನಕಲನ್ನು ನನಗೆ ತೋರಿಸಿದಳು. ನನಗಂತೂ ಒಂದು ತಪ್ಪೂ ಕಾಣಲಿಲ್ಲ. ಕಾಣಲಿಲ್ಲವಲ್ಲ ಎಂದು ಮತ್ತೆ ಕೂಡಿಸಿ ನೋಡಿದೆ, ಯಾಕೆಂದರೆ ಅವಳದು ಸರಿಯಾದರೆ ನನ್ನ ನಲವತ್ತೊಂದನೇ ಪುಟವೂ ಬೇರೆಯಾಗುತ್ತದೆ, ಎಲ್ಲರ ಪುಟವೂ ಬೇರೆಯಾಗುತ್ತದೆ. ಆಗ ನೀನು ಯಾರು, ನಾನು ಯಾವ ಕುರ್ಚಿಯಲ್ಲಿ ಕೂತಿದ್ದೇನೆ? ಏನಾದರೂ ಬರೆ. ಸುಮ್ಮನಿರಬೇಡ.

ಗೋಂದು


ಜೂನ್ 11

ತಂಗಿ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ನಾಲ್ಕು ಸಲ ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ಸಿಟ್ಟಿತ್ತು. ಎರಡನೆಯದರಲ್ಲಿ, ಬಾಡಿಗೆ ಎಂದರೆ ಇದ್ದದ್ದಕ್ಕೆ ಕೊಡುವುದು, ಬಡ್ಡಿ ಎಂದರೆ ಹಣ ಬಳಸಿದ್ದಕ್ಕೆ ಕೊಡುವುದು, ಅವನ್ನು ಬೆಲೆಗೆ ಸೇರಿಸುವ ಹಾಗಿಲ್ಲ ಎಂದು ವಿವರಿಸಿದ್ದೆ. ಚೆನ್ನಾಗಿಯೇ ಬರೆದಿದ್ದೆ. ಅಳಿಯನಿಗೆ ಓದಿ ಹೇಳಿದೆ. 'ಸರಿಯಾಗಿದೆ ಮಾವ, ಕಾನೂನೂ ಹಾಗೇ ಇದೆ' ಎಂದ. ಅವನು ಒಪ್ಪಿಕೊಂಡ ಮೇಲೆ ನನಗೆ ಅದು ಬೇಡವೆನ್ನಿಸಿತು. ಉಳಿದ ಎರಡರಲ್ಲಿ ಏನಿತ್ತು ಎಂದು ಈಗ ನೆನಪಿಲ್ಲ.

ನಿನ್ನ ಲೆಕ್ಕವನ್ನು ಮೂರು ಸಲ ಕೂಡಿಸಿ ಕಳೆದು ನೋಡಿದೆ. ನಿನ್ನ ಲೆಕ್ಕ ಸರಿಯಾಗಿದೆ. ನಾನು ಕೊಟ್ಟದ್ದೆಲ್ಲ ನನಗೆ ವಾಪಸು ಬಂದಿದೆ, ಹೆಚ್ಚೂ ಬಂದಿದೆ. ಹಾಗೆ ನೋಡಿದರೆ ಆ ಅಂಗಡಿ ನಿನ್ನದೇ.

ಆದರೆ ತಂಗಿ, ಕೊಡಲು ಕೈ ಬರುತ್ತಿಲ್ಲ. ಕಾಗದಪತ್ರಗಳನ್ನು ಇಲ್ಲಿಗೇ ತಂದಿದ್ದೇನೆ, ದಿಂಬಿನ ಪಕ್ಕದ ಕಪಾಟಿನಲ್ಲಿವೆ. ನಿನ್ನದನ್ನು ಹೊರಗೆ ತೆಗೆಯುತ್ತೇನೆ, ನೋಡುತ್ತೇನೆ, ಮತ್ತೆ ಒಳಗಿಡುತ್ತೇನೆ. ಅದು ಹೋದರೆ ನಾನೇನೂ ಉಪವಾಸ ಬೀಳುವುದಿಲ್ಲ. ನಿನ್ನ ಮೇಲೆ ದ್ವೇಷವೂ ಇಲ್ಲ. ಒಂದು ಕೊಟ್ಟರೆ ಹನ್ನೊಂದನ್ನೂ ಕೊಡಬೇಕಾಗುತ್ತದೆ ಎಂಬ ಹೆದರಿಕೆಯೇ ಎಂದು ಕೇಳಿಕೊಂಡೆ. ಅದೂ ಇರಬಹುದು. ಅರವತ್ತಮೂರು ವರ್ಷ ಬದುಕಿದ್ದೇನೆ, ನನ್ನ ಕೈಯನ್ನು ಹಿಡಿದಿರುವುದು ಏನೆಂದು ನನಗೆ ಗೊತ್ತಿಲ್ಲ.

ನಾನು ಬರುವವರೆಗೆ ಕಾಯಿ ಎನ್ನಲು ನನಗೆ ಮುಖವಿಲ್ಲ. ಆದರೂ ಕಾಯಿ ಎಂದೇ ಬರೆಯುತ್ತಿದ್ದೇನೆ. ಬುಧವಾರ ಎಂದಿನಂತೆ ಹತ್ತಕ್ಕೆ ಅಂಗಡಿ ತೆರೆದಿರುತ್ತದೆ.

ಇಂತಿ,
ಸೊನ್ನೆ ಎಂದು ಕರೆಸಿಕೊಂಡವನು


ಜೂನ್ 22

ಸಾಹುಕಾರರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಬಡ್ಡಿ ತೆಗೆದುಕೊಳ್ಳುವಾಗ 'ಏನಮ್ಮಾ' ಎನ್ನುತ್ತಿದ್ದಿರಿ, ಈಗ ತಂಗಿ ಎಂದು ಬರೆದಿದ್ದೀರಿ. ಓದಿ ಅಳು ಬಂತು. ನಿಮ್ಮ ಮೇಲೆ ಕನಿಕರವೂ ಬಂತು, ಅದು ಯಾಕೆ ಬರಬೇಕೋ ನನಗೆ ಅರ್ಥವಾಗಲಿಲ್ಲ.

ಆದರೆ ನನ್ನ ಲೆಕ್ಕ ಸರಿಯಾಗಿದೆ ಎಂದು ನಿಮ್ಮದೇ ಅಕ್ಷರದಲ್ಲಿ ಬರೆದಿದ್ದೀರಿ. ಕೆಳಗೆ ಸಹಿಯೂ ಇದೆ. ಈ ಬೀದಿಯಲ್ಲಿ ನಿಮ್ಮ ಅಕ್ಷರವನ್ನು ಗುರುತಿಸದವರು ಯಾರೂ ಇಲ್ಲ. ಅಣ್ಣನಿಗೆ ತೋರಿಸಿದೆ. ಅವರು ಅದಕ್ಕೆ ಗಟ್ಟಿ ರಟ್ಟು ಹಾಕಿ ಕಟ್ಟಿಕೊಟ್ಟರು. ಎಷ್ಟಾಯಿತು ಎಂದರೆ ದುಡ್ಡು ತೆಗೆದುಕೊಳ್ಳಲಿಲ್ಲ, ಬಲವಂತ ಮಾಡಿ ಕೊಟ್ಟೆ.

ಬರುವ ಬುಧವಾರ ಹನ್ನೊಂದು ಗಂಟೆಗೆ, ಎಲ್ಲರೂ ಇರುವಾಗ, ಅದನ್ನು ಗಟ್ಟಿಯಾಗಿ ಓದುತ್ತೇನೆ. ಕೈ ಬರುತ್ತಿಲ್ಲ ಎಂಬುದನ್ನೂ ಬಿಡದೆ ಓದುತ್ತೇನೆ, ನಿಮಗೆ ಅನ್ಯಾಯವಾಗಬಾರದು. ಬಡಗಿ, ಬೀಗದವರು, ಕ್ಷೌರದವರು ಅವರವರ ಲೆಕ್ಕ ಕೂಡಿಸಲು ಶುರುಮಾಡಿದ್ದಾರೆ, ಕೂಡಿಸಲು ಬಾರದವರಿಗೆ ಸಂಜೆ ನಾನು ಕೂಡಿಸಿಕೊಡುತ್ತಿದ್ದೇನೆ.

ಓದಿದ ಮೇಲೆ ಏನಾಗುತ್ತದೆ ಎಂದು ನನಗೂ ಗೊತ್ತಿಲ್ಲ. ನೂಲಿನವರು ಮತ್ತೆ ನೂಲು ನಿಲ್ಲಿಸಬಹುದು. ನಾವೆಲ್ಲ ಕೆಡಬಹುದು. ರಾತ್ರಿ ನಿದ್ದೆ ಬರುತ್ತಿಲ್ಲ, ಬೇಡ ಎಂದು ಹತ್ತು ಸಲ ಅನ್ನಿಸಿದೆ. ಬುಧವಾರದ ಆರುನೂರು ತೆಗೆದಿಟ್ಟಿದ್ದೇನೆ, ತರುತ್ತೇನೆ. ಕೊಡುವುದೋ ಬೇಡವೋ ಓದಿದ ಮೇಲೆ ನೋಡುತ್ತೇನೆ.

ಇಂತಿ,
ಕಾಲರ್ ಅಕ್ಕ